ನಿಂತಾಗ ನಡುಗುವ ಎಂಜಿನ್ನು

ಈ ವಾರ ಒಂದು ಒಗಟಿನಿಂದ ಆರಂಭಿಸೋಣ. ಗಾಡಿಗೆ ಕಟ್ಟಿದ ಎತ್ತು ಏರು ಹತ್ತುವಾಗ ಏದುಸಿರು ಬಿಡುತ್ತದೆ, ನೆರಳಿನಲ್ಲಿ ನಿಲ್ಲಿಸಿದರೆ ಸುಧಾರಿಸಿಕೊಳ್ಳುತ್ತದೆ. ಆದರೆ ಹಳೆಯ ಪೆಟ್ರೋಲ್ ಕಾರೊಂದು ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನೆಲ್ಲ ಸಲೀಸಾಗಿ ಹತ್ತುತ್ತದೆ. ಮೇಲೆ ಹೋಗಿ ನಿಂತ ಕೂಡಲೇ ಗಡಗಡ ನಡುಗಲು ತೊಡಗುತ್ತದೆ. ಕೆಲಸ ಮಾಡುವಾಗ ಇಲ್ಲದ ಕಾಯಿಲೆ ವಿಶ್ರಾಂತಿಯಲ್ಲಿ ಯಾಕೆ ಬರಬೇಕು?

ನಮ್ಮ ಹನೂರಿನ ಕಡೆ ಅಂಬಾಸಿಡರ್ ಕಾರು ಎಂದರೆ ಹಿರಿಯರಿಗೆ ಇಂದಿಗೂ ಒಂದು ಪ್ರೀತಿ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ದಾರಿಯಲ್ಲಿ ಬೆಟ್ಟಕ್ಕೆ ಭಕ್ತರನ್ನು ಹೊತ್ತು ಸಾಗುತ್ತಿದ್ದ ಗಾಡಿ ಅದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸವನ್ನು ತೆಗೆದುಕೊಂಡು ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಲ್ಲಿ ಇದರ ತಯಾರಿಕೆ ಆರಂಭಿಸಿತು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಬಹುಕಾಲ ಇದರಲ್ಲಿದ್ದ 1,489 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು ಕೂಡ ಇಂಗ್ಲೆಂಡಿನ ಮೂಲದ್ದೇ. ಅದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸಾರ್ ಇಲ್ಲ. ತಪ್ಪು ಎಲ್ಲಿದೆ ಎಂದು ಯಾವ ದೀಪವೂ ಹೊತ್ತಿ ಹೇಳುವುದಿಲ್ಲ. ನಾವೇ ಕೇಳಬೇಕು, ನೋಡಬೇಕು, ಅಳೆಯಬೇಕು. ಹಾಗಾಗಿಯೇ ವಿಜ್ಞಾನ ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಒಂದು ಕಾರಿನ ಕಥೆ

ನಮ್ಮ ಊರಿನ ಸಮೀಪದ ರೈತರೊಬ್ಬರ ಮನೆಯಲ್ಲಿ 1984ರ ಮಾರ್ಕ್ 4 ಅಂಬಾಸಿಡರ್ ಇದೆ. ಅವರ ತಂದೆ ಕೊಂಡಿದ್ದು. ತಂದೆ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತ್ತು. ಕಳೆದ ವರ್ಷ ಮನಸ್ಸು ಮಾಡಿ ಎಂಜಿನ್ ಬಿಚ್ಚಿಸಿದರು. ಬೋರಿಂಗ್ ಆಯಿತು, ಹೊಸ ಪಿಸ್ಟನ್, ಹೊಸ ರಿಂಗು ಬಂದವು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೆಡ್ಡನ್ನು ಸಾಣೆ ಹಿಡಿಸಿ ಸಮತಟ್ಟು ಮಾಡಿಸಿದ್ದೂ ಆಯಿತು. ಒಂದು ಹಸು ಮಾರಿದ ದುಡ್ಡು ಅದಕ್ಕೇ ಹೋಯಿತು. ಎಂಜಿನ್ ಚಾಲೂ ಆಯಿತು, ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು.

“ಓಡ್ವಾಗ ರಾಜನಂಗ ಓಡ್ತದ ಮೇಷ್ಟ್ರೇ, ನಿಂತ್ರ ಜ್ವರ ಬಂದಂಗ ನಡುಗ್ತದ” ಎಂದರು ಅವರು.

ತೊಂದರೆ ಬರೀ ನಡುಕದ್ದಲ್ಲ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ನವೀಕರಿಸಬೇಕು. ಜೊತೆಗೆ ಹೊಗೆ ತಪಾಸಣೆ. ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಎಂಜಿನ್ನು ಐಡ್ಲಿಂಗ್‌ನಲ್ಲಿರುವಾಗ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3ನ್ನು ಮೀರಬಾರದು, ಉರಿಯದೆ ಉಳಿದ ಹೈಡ್ರೋಕಾರ್ಬನ್ ದಶಲಕ್ಷಕ್ಕೆ 1,500 ಭಾಗವನ್ನು ಮೀರಬಾರದು. ಗಮನಿಸಿ, ಪರೀಕ್ಷೆ ನಡೆಯುವುದು ಗಾಡಿ ಓಡುವಾಗಲ್ಲ, ನಿಂತು ಸದ್ದು ಮಾಡುತ್ತಿರುವಾಗ. ಇವರ ಕಾರು ಅದರಲ್ಲಿ ಎರಡು ಬಾರಿ ನಪಾಸಾಗಿತ್ತು. ಇನ್ನೊಮ್ಮೆ ಆಗದಿದ್ದರೆ ಗುಜರಿಗೆ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಸಲಹೆಗಳಿಗೇನೂ ಕೊರತೆ ಇರಲಿಲ್ಲ. ಒಬ್ಬರು ಪ್ಲಗ್ ಬದಲಾಯಿಸಿ ಎಂದರು, ಇನ್ನೊಬ್ಬರು ಪಾಯಿಂಟ್ ಮತ್ತು ಕಂಡೆನ್ಸರ್ ಎಂದರು, ಮತ್ತೊಬ್ಬರು ಕಾಯಿಲ್ ಎಂದರು. ಎಲ್ಲವೂ ಹೊಸದಾದವು, ನಡುಕ ಮಾತ್ರ ಹಳೆಯದೇ. ಕಾರ್ಬುರೇಟರನ್ನೇ ಬದಲಾಯಿಸಿ ಎಂಬ ಸಲಹೆ ಬಂದಾಗ ಅವರ ಮಗಳು ಅಪ್ಪನನ್ನು ತಡೆದಳಂತೆ. ಆಕೆ ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. “ಯಾವುದ್ ಕೆಟ್ಟದೆ ಅಂತ ಗೊತ್ತಾಗ್ದೆ ಇನ್ನೆಷ್ಟು ತರದು, ಮೊದ್ಲು ಸಾರ್‌ನ ಕೇಳಾನ” ಎಂದಳಂತೆ. ಒಂದು ಭಾನುವಾರ ನಾನು, ಆಕೆ, ಅವಳ ಅಪ್ಪ ಮತ್ತು ಅಂಬಾಸಿಡರ್ ಕೆಲಸದಲ್ಲಿ ಪಳಗಿದ ಒಬ್ಬ ಹಿರಿಯ ಮೇಸ್ತ್ರಿ ಬಾನೆಟ್ ಎತ್ತಿ ನಿಂತೆವು.

ನಡುಕದ ಲೆಕ್ಕ

ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಪಠ್ಯದಲ್ಲಿ ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರ ನೋಡಿರುತ್ತೀರಿ: ಹೀರುವುದು, ಒತ್ತುವುದು, ಉರಿದು ತಳ್ಳುವುದು, ಹೊರಹಾಕುವುದು. ಈ ನಾಲ್ಕು ಕೆಲಸ ಮುಗಿಯಲು ಎಂಜಿನ್ನು ಎರಡು ಸುತ್ತು ತಿರುಗಬೇಕು. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 600 ಸುತ್ತು ಎಂದುಕೊಳ್ಳಿ. ಆಗ ಒಂದೊಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 300 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಕಿಡಿ ಹೊತ್ತುತ್ತದೆ. ನಾಲ್ಕೂ ಸೇರಿ ಸೆಕೆಂಡಿಗೆ 20. ಇಪ್ಪತ್ತು ತಳ್ಳುವಿಕೆಗಳು ಸಮನಾಗಿದ್ದರೆ ಅದು ನಮ್ಮ ಕೈಗೆ ಒಂದು ಹದವಾದ ಗುಂಯ್‌ಗುಡುವಿಕೆಯಾಗಿ ಮಾತ್ರ ತಿಳಿಯುತ್ತದೆ. ಒಂದು ಸಿಲಿಂಡರು ಸೋತರೆ ಸೆಕೆಂಡಿಗೆ ಐದು ಬಾರಿ ಎಡವಿದಂತಾಗುತ್ತದೆ. ಮೇಸ್ತ್ರಿಗಳು ‘ಮಿಸ್ಸಿಂಗ್ ಹೊಡೀತಾ ಇದೆ’ ಎನ್ನುವುದು ಇದನ್ನೇ.

ಹಾಗಿದ್ದರೆ ವೇಗದಲ್ಲಿ ಈ ಎಡವಟ್ಟು ಯಾಕೆ ಕಾಣುವುದಿಲ್ಲ? ಎರಡು ಕಾರಣಗಳಿವೆ. ಮೊದಲನೆಯದು ಫ್ಲೈವೀಲ್. ತಿರುಗುವ ಈ ಭಾರವಾದ ಚಕ್ರದಲ್ಲಿ ಸಂಗ್ರಹವಾಗುವ ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 600ರಿಂದ 3,000 ಸುತ್ತಿಗೆ ಏರಿದರೆ ವೇಗ ಐದು ಪಟ್ಟು, ಶಕ್ತಿ ಇಪ್ಪತ್ತೈದು ಪಟ್ಟು. ದೊಡ್ಡ ಗಂಟು ಇರುವವನಿಗೆ ಹತ್ತು ರೂಪಾಯಿ ಕಳೆದದ್ದು ತಿಳಿಯುವುದಿಲ್ಲ; ಐಡ್ಲಿಂಗ್‌ನಲ್ಲಿರುವ ಎಂಜಿನ್ನು ಮಾತ್ರ ದಿನಗೂಲಿಯವನ ಹಾಗೆ, ಒಂದು ದಿನದ ಕೂಲಿ ತಪ್ಪಿದರೂ ತತ್ತರಿಸುತ್ತದೆ. ಎರಡನೆಯ ಕಾರಣ ಗಾಳಿಗೆ ಸಂಬಂಧಿಸಿದ್ದು. ಅದಕ್ಕೆ ಆಮೇಲೆ ಬರೋಣ, ನಮ್ಮ ಕಾರಿನ ಗುಟ್ಟು ಅಲ್ಲಿಯೇ ಇದೆ.

ನೋಟ್‌ಬುಕ್ಕಿನ ನಿಯಮ

ಹುಡುಗಿಯ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಮೂರು ಕಾಲಂ ಎಳೆಯಲು ಹೇಳಿದೆ: ಏನು ಮಾಡಿದೆವು, ಏನಾಗಬಹುದು ಎಂದುಕೊಂಡೆವು, ಏನಾಯಿತು. ಜೊತೆಗೆ ಒಂದೇ ಒಂದು ಕಟ್ಟುಪಾಡು: ಒಂದು ಬಾರಿಗೆ ಒಂದೇ ಬದಲಾವಣೆ. ಪ್ಲಗ್ಗನ್ನೂ ಪಾಯಿಂಟನ್ನೂ ಒಟ್ಟಿಗೆ ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಗುಣವಾಗದಿದ್ದರೆ ಹೊಸ ದೋಷವೊಂದು ಸೇರಿತೇ ಎಂದೂ ತಿಳಿಯುವುದಿಲ್ಲ.

ಮೊದಲು ಎಂಜಿನ್ನನ್ನು ಇದ್ದ ಹಾಗೆ ನೋಡಿದೆವು. ನಡುಕ ಕಾಣದಿರಲೆಂದು ಯಾರೋ ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಏರಿಸಿದ್ದರು. ಅದನ್ನು ಇಳಿಸಿದೆವು, ರೋಗ ಮುಚ್ಚಿಟ್ಟರೆ ಪತ್ತೆ ಹೇಗೆ? ಇದಕ್ಕೆ ಹಾಕಿದ್ದುದು ಎಸ್.ಯು. ಕಾರ್ಬುರೇಟರ್. ಅದರ ತಳದಲ್ಲಿ ಆರು ಮುಖದ ಒಂದು ನಟ್ಟು ಇದೆ. ನಟ್ಟನ್ನು ಕೆಳಗಿಳಿಸಿದರೆ ಪೆಟ್ರೋಲ್ ಹೆಚ್ಚು, ಮೇಲೇರಿಸಿದರೆ ಕಡಿಮೆ. ಇಲ್ಲಿ ಅದು ಬಹಳ ಕೆಳಗಿತ್ತು. ಮುಟ್ಟದೆ, ಎಷ್ಟು ಮುಖ ಕೆಳಗಿದೆ ಎಂದು ಬರೆದುಕೊಂಡೆವು.

ಯಾವ ಸಿಲಿಂಡರು ಸೋಮಾರಿ?

ನಾಲ್ವರು ಕಲ್ಲು ಹೊರುವಾಗ ಯಾರು ಬರೀ ಕೈ ಕೊಟ್ಟು ನಿಂತಿದ್ದಾರೆಂದು ತಿಳಿಯಬೇಕೆ? ಒಬ್ಬೊಬ್ಬರನ್ನೇ ಆಚೆ ನಿಲ್ಲಿಸಿ ನೋಡಿ. ದುಡಿಯುವವನು ಹೋದರೆ ಕಲ್ಲು ಇಳಿಯುತ್ತದೆ, ಸೋಮಾರಿ ಹೋದರೆ ಏನೂ ಆಗದು. ಎಂಜಿನ್ನಿಗೂ ಇದೇ ಪರೀಕ್ಷೆ. ಎಂಜಿನ್ ನಿಲ್ಲಿಸಿ ಒಂದು ಸಿಲಿಂಡರಿನ ಪ್ಲಗ್ ವೈರ್ ಬಿಚ್ಚಿ, ಅದನ್ನು ಇನ್ನೊಂದು ಹಳೆಯ ಪ್ಲಗ್ಗಿಗೆ ಸಿಕ್ಕಿಸಿ, ಆ ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ತಾಗಿಸಿಟ್ಟು ಮತ್ತೆ ಚಾಲೂ ಮಾಡಬೇಕು. ಚಾಲೂ ಇರುವಾಗ ವೈರ್ ಕೀಳಬಾರದು. ಅದರಲ್ಲಿರುವುದು ಸಾವಿರಾರು ವೋಲ್ಟ್. ಮಕ್ಕಳೇ, ಇದು ದೊಡ್ಡವರ ಕೆಲಸ. ನೀವು ನೋಡಿ, ಬರೆದುಕೊಳ್ಳಿ.

ಮೊದಲನೆಯದನ್ನು ತಪ್ಪಿಸಿದಾಗ ಎಂಜಿನ್ನು ನಿಂತೇ ಹೋಗುವಂತಾಯಿತು. ಎರಡನೆಯದನ್ನು ತಪ್ಪಿಸಿದಾಗಲೂ ಹಾಗೆಯೇ. ಮೂರನೆಯದನ್ನು ತಪ್ಪಿಸಿದರೆ ಅಷ್ಟೇನೂ ವ್ಯತ್ಯಾಸವಿಲ್ಲ, ನಾಲ್ಕನೆಯದಕ್ಕೂ ಇಲ್ಲ. ಅಂದರೆ ಸೋಮಾರಿಗಳು ಇಬ್ಬರು, 3 ಮತ್ತು 4.

ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟೆವು. 1 ಮತ್ತು 2ರ ತುದಿ ಮಸಿ ಹಿಡಿದು ಕಪ್ಪಾಗಿತ್ತು. 3 ಮತ್ತು 4ರದು ಸುಣ್ಣದಂತೆ ಬಿಳಿಚಿತ್ತು. ಸರಿಯಾದ ಮಿಶ್ರಣ ಉರಿದರೆ ಪ್ಲಗ್ಗು ತಿಳಿ ಕಂದು ಬಣ್ಣಕ್ಕಿರುತ್ತದೆ. ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು, ಬಿಳಿ ಎಂದರೆ ಗಾಳಿ ಹೆಚ್ಚು. ಒಂದೇ ಕಾರ್ಬುರೇಟರಿನಿಂದ ಉಣ್ಣುವ ನಾಲ್ವರಲ್ಲಿ ಇಬ್ಬರಿಗೆ ಅಜೀರ್ಣ, ಇಬ್ಬರಿಗೆ ಹಸಿವು! ಕಾರ್ಬುರೇಟರ್ ಕೆಟ್ಟಿದ್ದರೆ ನಾಲ್ವರಿಗೂ ಒಂದೇ ಗತಿಯಾಗಬೇಕಿತ್ತು. ಇಷ್ಟರಲ್ಲೇ ಕಾರ್ಬುರೇಟರ್ ಬದಲಾಯಿಸುವ ಖರ್ಚು ಉಳಿಯಿತು.

ದೋಷ ಜೊತೆಗೆ ಹೋಗುತ್ತದೆಯೋ, ಉಳಿಯುತ್ತದೆಯೋ?

ಮುಂದಿನದು ಎಲ್ಲ ರಿಪೇರಿಗೂ ಉಪಯೋಗವಾಗುವ ಉಪಾಯ, ಖರ್ಚೂ ಇಲ್ಲ. 1ರ ಪ್ಲಗ್ಗನ್ನು 3ಕ್ಕೆ, 3ರದನ್ನು 1ಕ್ಕೆ ಹಾಕಿದೆವು. ಪ್ಲಗ್ಗೇ ಕೆಟ್ಟಿದ್ದರೆ ಸೋಮಾರಿತನ ಅದರ ಜೊತೆ 1ಕ್ಕೆ ಹೋಗಬೇಕು. ಹೋಗಲಿಲ್ಲ, 3ರಲ್ಲೇ ಉಳಿಯಿತು. ಸರಿಯಿದ್ದ ವೈರುಗಳನ್ನು 3 ಮತ್ತು 4ಕ್ಕೆ ಹಾಕಿ ನೋಡಿದೆವು. ಆಗಲೂ ಉಳಿಯಿತು. ಪಾಯಿಂಟಿನ ಸಂದು ಅಳೆದೆವು, 15 ಥೌ, ಅಂದರೆ ಸುಮಾರು 0.38 ಮಿ.ಮೀ., ಇರಬೇಕಾದಷ್ಟೇ ಇತ್ತು. ಪಾಯಿಂಟ್, ಕಂಡೆನ್ಸರ್, ಕಾಯಿಲ್ ಮೂರೂ ನಾಲ್ಕು ಸಿಲಿಂಡರಿಗೆ ಸಾಮಾನ್ಯವಾದವು. ಅವು ಇಬ್ಬರನ್ನು ಮಾತ್ರ ಹಸಿವಿನಲ್ಲಿ ಇಡಲಾರವು. ಹೀಗೆ ಕಿಡಿಯ ಅಧ್ಯಾಯ ಮುಗಿಯಿತು.

ಮುಂದೆ ಕಂಪ್ರೆಶನ್. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಸೋತರೆ, ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು ಎನ್ನುವುದು ಮೇಸ್ತ್ರಿಯ ಅನುಮಾನ. ನ್ಯಾಯವಾದ ಅನುಮಾನವೇ. ಹಾಗಾಗಿದ್ದರೆ 3 ಮತ್ತು 4ರಲ್ಲಿ ಒತ್ತಡ ಬಹಳ ಇಳಿದಿರಬೇಕು. ಎಲ್ಲ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದಕ್ಕೂ ಗೇಜ್ ಇಟ್ಟು ನೋಡಿದೆವು. ನಾಲ್ಕೂ ಚದರ ಇಂಚಿಗೆ 120 ಪೌಂಡಿನ ಆಸುಪಾಸಿನಲ್ಲಿದ್ದವು. ಗ್ಯಾಸ್ಕೆಟ್ ನಿರಪರಾಧಿ. ಹೊಸ ರಿಂಗು, ಹೊಸ ಬೋರು ಕೂಡ ನಿರಪರಾಧಿಗಳು. ಅಪ್ಪನ ಮುಖದಲ್ಲಿ ಮೊದಲ ಬಾರಿ ನಗು ಕಂಡಿತು. ಹಸು ಮಾರಿದ ದುಡ್ಡು ದಂಡವಾಗಿರಲಿಲ್ಲ.

ಒಂಬತ್ತರ ಮಗ್ಗಿ

ಆಮೇಲೆ ಟ್ಯಾಪೆಟ್. ವಾಲ್ವಿನ ತುದಿಗೂ ರಾಕರಿಗೂ ನಡುವೆ ಈ ಎಂಜಿನ್ನಿನಲ್ಲಿ 15 ಥೌ ಸಂದು ಇರಬೇಕು. ಸಂದು ಕಡಿಮೆಯಾದರೆ ವಾಲ್ವು ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ. ಹೆಡ್ ಕೂರಿಸಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಹೆಡ್ ಬೋಲ್ಟು ಬಿಗಿಸಿ ಟ್ಯಾಪೆಟ್ ಮತ್ತೆ ನೋಡಲೇಬೇಕು. ಹಳೆಯ ಎಂಜಿನ್ನಿಗೆ ಇನ್ನೊಂದು ಕಾರಣವೂ ಇದೆ. ಭಾರತದಲ್ಲಿ 2000ದ ವರೆಗೆ ಸೀಸ ಬೆರೆತ ಪೆಟ್ರೋಲ್ ಮಾರಾಟವಾಗುತ್ತಿತ್ತು. ಆ ಸೀಸ ವಾಲ್ವು ಕೂರುವ ಜಾಗಕ್ಕೆ ತೆಳು ಲೇಪದಂತೆ ರಕ್ಷಣೆ ಕೊಡುತ್ತಿತ್ತು. ಮಕ್ಕಳ ಮಿದುಳಿಗೆ ವಿಷವಾದ ಸೀಸ ಹೋದದ್ದು ಒಳ್ಳೆಯದೇ ಆಯಿತು. ಆದರೆ ಗಟ್ಟಿ ಸೀಟು ಹಾಕಿಸದ ಹಳೆಯ ಹೆಡ್ಡುಗಳಲ್ಲಿ ವಾಲ್ವು ನಿಧಾನವಾಗಿ ಸವೆದು ಒಳಗಿಳಿಯಬಹುದು. ಆಗ ಸಂದು ಕಡಿಮೆಯಾಗುತ್ತಾ ಹೋಗುತ್ತದೆ.

ಎಂಟು ವಾಲ್ವುಗಳಲ್ಲಿ ಯಾವುದನ್ನು ಯಾವಾಗ ಅಳೆಯಬೇಕು? ಅದು ಪೂರ್ತಿ ಮುಚ್ಚಿರುವಾಗ. ಅದನ್ನು ತಿಳಿಯಲು ಮೇಸ್ತ್ರಿಗಳಲ್ಲಿ ಒಂದು ಸೊಗಸಾದ ಲೆಕ್ಕ ಇದೆ. ವಾಲ್ವುಗಳಿಗೆ ಮುಂದಿನಿಂದ 1ರಿಂದ 8ರ ವರೆಗೆ ಅಂಕಿ ಕೊಡಿ. 8ನೆಯದು ಪೂರ್ತಿ ತೆರೆದಿರುವಾಗ 1ನ್ನು ಅಳೆಯಿರಿ, 6 ತೆರೆದಿರುವಾಗ 3ನ್ನು, 4 ತೆರೆದಿರುವಾಗ 5ನ್ನು, 7 ತೆರೆದಿರುವಾಗ 2ನ್ನು. ಎರಡೂ ಕೂಡಿದರೆ ಯಾವಾಗಲೂ 9. ಹುಡುಗಿ ಇದನ್ನು ಕೇಳಿ ಉಳಿದ ನಾಲ್ಕನ್ನು ತಾನೇ ಹೇಳಿದಳು. ಒಂದು ಟ್ಯಾಪೆಟ್ ತುಸು ಬಿಗಿಯಾಗಿತ್ತು, ಸರಿಮಾಡಿದೆವು. ನಡುಕ ಹೋಗಲಿಲ್ಲ. ಅದನ್ನೂ ಬರೆದಳು. ‘ಏನೂ ಆಗಲಿಲ್ಲ’ ಎನ್ನುವುದೂ ಒಂದು ಫಲಿತಾಂಶವೇ.

3ಕ್ಕೂ 4ಕ್ಕೂ ಇರುವ ನಂಟು

ಊಟದ ನಂತರ ನೋಟ್‌ಬುಕ್ ತೆರೆದು ಕುಳಿತೆವು. ಕಿಡಿ ಸರಿ, ಒತ್ತಡ ಸರಿ, ವಾಲ್ವು ಸರಿ. 3 ಮತ್ತು 4ಕ್ಕೆ ಗಾಳಿ ಹೆಚ್ಚು. ಹಾಗಾದರೆ 3ಕ್ಕೂ 4ಕ್ಕೂ ಇದ್ದು, 1ಕ್ಕೂ 2ಕ್ಕೂ ಇಲ್ಲದ ವಸ್ತು ಯಾವುದು?

ಈ ಎಂಜಿನ್ನಿನ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಹೀರುಬಾಯಿಗಳಿಲ್ಲ, ಎರಡೇ ಇವೆ. ಮುಂದಿನ ಬಾಯಿಂದ 1 ಮತ್ತು 2 ಉಸಿರಾಡುತ್ತವೆ, ಹಿಂದಿನ ಬಾಯಿಂದ 3 ಮತ್ತು 4. ಹಿಂದಿನ ಬಾಯಿಗೂ ಮ್ಯಾನಿಫೋಲ್ಡಿಗೂ ನಡುವಿನ ಗ್ಯಾಸ್ಕೆಟ್ಟಿನಲ್ಲಿ ಸೀಳು ಇದ್ದರೆ ಕಳ್ಳಗಾಳಿ ನುಗ್ಗುವುದು ಈ ಇಬ್ಬರಿಗೇ.

ಈಗ ಬಾಕಿ ಇಟ್ಟಿದ್ದ ಎರಡನೆಯ ಕಾರಣಕ್ಕೆ ಬರೋಣ. ಐಡ್ಲಿಂಗ್‌ನಲ್ಲಿ ಕಾರ್ಬುರೇಟರಿನ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್ನುಗಳು ಹೀರುತ್ತಲೇ ಇರುತ್ತವೆ, ಬಾಗಿಲು ಮಾತ್ರ ತೆರೆಯದು. ಹಾಗಾಗಿ ಮ್ಯಾನಿಫೋಲ್ಡಿನೊಳಗೆ ಒತ್ತಡ ವಾಯುಮಂಡಲದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಎರಡು ಸುತ್ತಿಗೆ 1.489 ಲೀಟರಿನಂತೆ 600 ಸುತ್ತಿಗೆ ಸುಮಾರು 447 ಲೀಟರ್ ಜಾಗ. ಅದರ ಮೂರನೇ ಒಂದು ಭಾಗ ಎಂದರೆ ನಿಮಿಷಕ್ಕೆ ಸುಮಾರು 150 ಲೀಟರ್ ಹೊರಗಿನ ಗಾಳಿ. ಎರಡು ಸಿಲಿಂಡರುಗಳ ಪಾಲು 75. ಗ್ಯಾಸ್ಕೆಟ್ಟಿನಲ್ಲಿ ತಲೆಗೂದಲಿನಷ್ಟು ತೆಳುವಾದ, ಎರಡು ಬೆರಳಗಲ ಉದ್ದದ ಸೀಳು ಇದೆ ಎನ್ನಿ. ವಿಸ್ತೀರ್ಣ ಸುಮಾರು 2 ಚದರ ಮಿ.ಮೀ. ಅದರೊಳಗೆ ಗಾಳಿ ಶಬ್ದದ ವೇಗಕ್ಕೆ ಸಮೀಪದ ವೇಗದಲ್ಲಿ ನುಗ್ಗಿ, ಸ್ಥೂಲವಾಗಿ ನಿಮಿಷಕ್ಕೆ 20 ಲೀಟರ್ ಒಳಗೆ ಬರುತ್ತದೆ. 75ರ ಪಾಲಿಗೆ 20 ಎಂದರೆ ಕಾಲು ಭಾಗಕ್ಕಿಂತ ಹೆಚ್ಚು! ಆದರೆ ರಸ್ತೆಯಲ್ಲಿ ಥ್ರಾಟಲ್ ತೆರೆದು 3,000 ಸುತ್ತು ತಿರುಗುವಾಗ ಎಂಜಿನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಲೀಟರ್ ಗಾಳಿ ಕುಡಿಯುತ್ತದೆ. ಒಳಗಿನ ಒತ್ತಡವೂ ಏರಿರುವುದರಿಂದ ಸೀಳಿನಲ್ಲಿ ಬರುವುದು ಇನ್ನೂ ಕಡಿಮೆ. ಹೊಳೆಗೆ ಒಂದು ಚೊಂಬು ನೀರು ಬೆರೆತರೆ ಯಾರಿಗೆ ಗೊತ್ತಾಗುತ್ತದೆ?

ಪರೀಕ್ಷೆ ಸರಳವಾಗಿತ್ತು. ಎಂಜಿನ್ನು ತಣ್ಣಗಿರುವಾಗ ಚಾಲೂ ಮಾಡಿ, ಸಿರಿಂಜಿನಲ್ಲಿ ಸೋಪಿನ ನೀರು ತುಂಬಿ ಗ್ಯಾಸ್ಕೆಟ್ಟಿನ ಅಂಚಿಗೆ ಹನಿ ಹನಿಯಾಗಿ ಬಿಟ್ಟೆವು. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಖಂಡಿತ ಬೇಡ, ಕಾದ ಸೈಲೆನ್ಸರ್ ಕೊಳವೆ ಪಕ್ಕದಲ್ಲೇ ಇದೆ, ಬೆಂಕಿಗೆ ಆಹ್ವಾನ ಕೊಟ್ಟಂತೆ. ಮುಂದಿನ ಬಾಯಿಗೆ ಹನಿ ಬಿಟ್ಟಾಗ ಏನೂ ಆಗಲಿಲ್ಲ. ಹಿಂದಿನ ಬಾಯಿಯ ಕೆಳಅಂಚಿಗೆ ಬಿಟ್ಟಾಗ ಹನಿ ಕಣ್ಣೆದುರೇ ಒಳಗೆ ಮಾಯವಾಯಿತು. ಒಂದೆರಡು ಕ್ಷಣ ಎಂಜಿನ್ನಿನ ಸ್ವರ ಬದಲಾಯಿತು, ನಡುಕ ತಗ್ಗಿತು. “ಕುಡ್ಕತಲ್ಲ ಸಾ!” ಎಂದು ಕೂಗಿದಳು ಹುಡುಗಿ.

ವಾಷರ್ ಹೇಳಿದ ಸತ್ಯ

ಗ್ಯಾಸ್ಕೆಟ್ ಹೊಸದೇ ಇತ್ತು. ಹಾಗಿದ್ದೂ ಯಾಕೆ ಸೋರಿತು? ಮತ್ತೆ ಗ್ಯಾಸ್ಕೆಟ್ ಹಾಕಿ ಮುಗಿಸಬಹುದಿತ್ತು. ಆದರೆ ಕಾರಣದ ಕಾರಣ ಸಿಗದೆ ಬಿಟ್ಟರೆ ರೋಗ ಮರಳುತ್ತದೆ. ಈ ಎಂಜಿನ್ನಿನಲ್ಲಿ ಗಾಳಿ ಒಳಬರುವ ಮ್ಯಾನಿಫೋಲ್ಡು, ಹೊಗೆ ಹೊರಹೋಗುವ ಮ್ಯಾನಿಫೋಲ್ಡು ಎರಡೂ ಒಂದೇ ಬದಿಯಲ್ಲಿವೆ, ಒಂದೇ ಗ್ಯಾಸ್ಕೆಟ್ಟಿನ ಮೇಲೆ ಕೂರುತ್ತವೆ. ಎರಡರ ಅಂಚನ್ನೂ ಒಟ್ಟಿಗೆ ಒತ್ತಿ ಹಿಡಿಯುವುದು ನಡುವಿನ ಒಂದೊಂದು ದಪ್ಪ ವಾಷರ್. ಎರಡು ಅಂಚುಗಳ ದಪ್ಪ ಒಂದೇ ಆಗಿದ್ದರೆ ಮಾತ್ರ ವಾಷರ್ ಎರಡನ್ನೂ ಸಮನಾಗಿ ಒತ್ತುತ್ತದೆ.

ಎಂಜಿನ್ ಬಿಚ್ಚಿದಾಗ ಹೊಗೆಯ ಮ್ಯಾನಿಫೋಲ್ಡು ಸೀಳಿದ್ದರಿಂದ ಬೇರೊಂದು ಹಳೆಯ ಕಾರಿನದನ್ನು ಹಾಕಿದ್ದರಂತೆ. ಶಾಲೆಯ ಪ್ರಯೋಗಶಾಲೆಯಿಂದ ವರ್ನಿಯರ್ ಕ್ಯಾಲಿಪರ್ಸ್ ತಂದು ಹುಡುಗಿಯ ಕೈಯಲ್ಲೇ ಅಳೆಯಿಸಿದೆವು. ಹಿಂದಿನ ಜೋಡಣೆಯಲ್ಲಿ ಹೊಗೆಯ ಅಂಚು ಗಾಳಿಯ ಅಂಚಿಗಿಂತ ಅರ್ಧ ಮಿಲಿಮೀಟರಿಗೂ ಹೆಚ್ಚು ದಪ್ಪ. ವಾಷರ್ ದಪ್ಪ ಅಂಚಿನ ಮೇಲೆ ಕುಳಿತು ಬಿಗಿಯಾಗಿತ್ತು, ತೆಳು ಅಂಚು ಅದರ ಕೆಳಗೆ ಸಡಿಲವಾಗಿತ್ತು. ನಟ್ಟು ಮಾತ್ರ ‘ನಾನು ಬಿಗಿಯಾಗಿದ್ದೇನೆ’ ಎನ್ನುತ್ತಿತ್ತು! ಲೇತಿನಲ್ಲಿ ಮೆಟ್ಟಿಲಿನಂಥ ವಾಷರ್ ಮಾಡಿಸಿ ಹಾಕಿದ ಮೇಲೆ ಎರಡೂ ಅಂಚು ಒಟ್ಟಿಗೆ ಕುಳಿತವು. ಆ ವಾಷರಿನ ಖರ್ಚು ಎಷ್ಟೆಂದರೆ, ಅಂದು ನಾವು ಕುಡಿದ ಟೀಗಿಂತ ಸ್ವಲ್ಪ ಹೆಚ್ಚು.

ಇನ್ನು ಉಳಿದದ್ದು ಕಾರ್ಬುರೇಟರ್. ಹಸಿದಿದ್ದ 3 ಮತ್ತು 4ಕ್ಕಾಗಿ ಯಾರೋ ನಟ್ಟು ಇಳಿಸಿ ಎಲ್ಲರಿಗೂ ಪೆಟ್ರೋಲ್ ಹೆಚ್ಚಿಸಿದ್ದರಲ್ಲ, ಅದನ್ನು ಒಂದೊಂದೇ ಮುಖದಂತೆ ಮೇಲೇರಿಸಿದೆವು. ಇದಕ್ಕೂ ಒಂದು ಪರೀಕ್ಷೆ ಇದೆ. ಎಂಜಿನ್ನು ಬಿಸಿಯಾದ ಮೇಲೆ ಕಾರ್ಬುರೇಟರಿನ ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಬೇಕು. ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು. ಎಂಜಿನ್ನು ಸೋತು ನಿಲ್ಲುವಂತಾದರೆ ಕಡಿಮೆ. ತುಸು ಏರಿ ಮತ್ತೆ ಮೊದಲಿನಂತಾದರೆ ಹದ. ಹದಕ್ಕೆ ಬಂದಾಗ ಬಾನೆಟ್ ಮೇಲಿಟ್ಟ ಲೋಟದ ನೀರಿನಲ್ಲಿ ಸಣ್ಣ ಅಲೆಗಳು ಮಾತ್ರ ಇದ್ದವು. ಮುಂದಿನ ವಾರ ಹೊಗೆ ತಪಾಸಣೆಯಲ್ಲಿ ಕಾರು ಪಾಸಾಯಿತು.

ಈಗಿನ ಪೆಟ್ರೋಲಿನ ಬಗ್ಗೆಯೂ ಹಳೆಯ ಕಾರಿನವರು ಒಂದು ಮಾತು ತಿಳಿದಿರಬೇಕು. ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡಾ 20ರ ವರೆಗೆ ಎಥನಾಲ್ ಇದೆ. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಬೇಕಾದ ಗಾಳಿ ಕಡಿಮೆ. ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಹಳೆಯ ಹದದಲ್ಲೇ ಬಿಟ್ಟರೆ ಮಿಶ್ರಣ ತೆಳುವಾಗಿ ಐಡ್ಲಿಂಗ್ ಕೆಡಬಹುದು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ ಕೂಡ ಎಥನಾಲಿನಿಂದ ಮೆತ್ತಗಾಗಿ ಕೆಡುತ್ತವೆ. ಎಂಜಿನ್ ಹೊಸದು ಮಾಡಿಸುವಾಗ ಅವನ್ನೂ ಬದಲಾಯಿಸಿ.

ಪೋಷಕರಿಗೆ ಎರಡು ಮಾತು

ಇಬ್ಬರು ಹಸಿದಿದ್ದಾರೆಂದು ನಾಲ್ವರಿಗೂ ಬಡಿಸಿದ್ದರಿಂದ ಏನಾಯಿತು? ಸರಿಯಾಗಿ ದುಡಿಯುತ್ತಿದ್ದ 1 ಮತ್ತು 2 ಮಸಿ ಹಿಡಿದವು, 3 ಮತ್ತು 4ರ ಹಸಿವೂ ತೀರಲಿಲ್ಲ. ಮಗು ಗಣಿತದಲ್ಲಿ ಹಿಂದೆ ಬಿದ್ದ ಕೂಡಲೇ ಎಲ್ಲ ವಿಷಯಕ್ಕೂ ಟ್ಯೂಷನ್ ಹಾಕುವ ತಂದೆ ತಾಯಿಯರನ್ನು ಪ್ರತಿ ವರ್ಷ ನೋಡುತ್ತೇನೆ. ಮೊದಲು ಎಲ್ಲಿ ಸೋರುತ್ತಿದೆ ನೋಡಿ. ಬೋರ್ಡು ಕಾಣದೆ ಇರಬಹುದು, ಐದನೇ ತರಗತಿಯ ಭಿನ್ನರಾಶಿ ಅರ್ಥವಾಗದೆ ಉಳಿದಿರಬಹುದು. ಅದು ಒಂದು ವಾಷರಿನ ಕೆಲಸವಾಗಿರಬಹುದು.

ಎರಡನೆಯ ಮಾತು, ಗ್ಯಾರೇಜಿನ ಕೆಲಸ ಓದು ಹತ್ತದವರಿಗೆ ಎಂಬ ಭಾವನೆಯ ಬಗ್ಗೆ. ಅಂದು ಬೆಳಿಗ್ಗೆ “ಹೆಣ್ ಮಗ ಗ್ರೀಸ್ ಮುಟ್ಟದು ಬ್ಯಾಡ” ಎಂದಿದ್ದ ಅಪ್ಪ ಸಂಜೆ ಮಗಳ ನೋಟ್‌ಬುಕ್ಕನ್ನು ಕಾರಿನ ಕಾಗದಪತ್ರಗಳ ಜೊತೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟರು. ಅನುಮಾನ ಪಡುವುದು, ಪರೀಕ್ಷಿಸುವುದು, ತಪ್ಪಿದ ಊಹೆಯನ್ನು ಬಿಡುವುದು ಮೇಸ್ತ್ರಿಗೂ ವಿಜ್ಞಾನಿಗೂ ಒಂದೇ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಎಂಜಿನ್ ವಿಭಾಗವನ್ನು ಮಕ್ಕಳಿಗೆ ತೋರಿಸಿ. ಮೈಸೂರಿನ ಕಡೆ ಹೋದರೆ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ ‘ಪಯಣ’ ಎಂಬ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಕಾರುಗಳು ಅಲ್ಲಿವೆ.

ಮನೆಯಲ್ಲಿ ಮಾಡಿ ನೋಡಿ

ಎಳನೀರು ಕುಡಿಯುವ ಸ್ಟ್ರಾ ಒಂದನ್ನು ತೆಗೆದುಕೊಂಡು ಲೋಟದ ನೀರನ್ನು ಹೀರಿ. ಈಗ ನೀರಿನಿಂದ ಮೇಲಿರುವ ಭಾಗದಲ್ಲಿ ಗುಂಡುಸೂಜಿಯಿಂದ ಒಂದು ತೂತು ಮಾಡಿ. ಮೊದಲು ಮೆಲ್ಲಗೆ ಹೀರಿ, ಆಮೇಲೆ ಜೋರಾಗಿ ಹೀರಿ. ತೂತನ್ನು ಬೆರಳಿನಿಂದ ಮುಚ್ಚಿ ಮತ್ತೆ ಹೀರಿ. ಮೂರು ಕಾಲಂ ಎಳೆದು, ಹೀರುವ ಮೊದಲೇ ನಿಮ್ಮ ಊಹೆಯನ್ನು ಬರೆದಿಟ್ಟುಕೊಳ್ಳಿ. ಎಂಜಿನ್ನಿನಲ್ಲಿ ಬೆರಳಿನ ಕೆಲಸವನ್ನು ಸೋಪಿನ ನೀರಿನ ಹನಿ ಮಾಡಿತ್ತು.

ಕೊನೆಗೆ ದೊಡ್ಡ ಮಕ್ಕಳಿಗೊಂದು ಪ್ರಶ್ನೆ. ಇದೇ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಬಾಯಿಗಳು ಮೂರು: 1ಕ್ಕೆ ಒಂದು, 4ಕ್ಕೆ ಒಂದು, 2 ಮತ್ತು 3ಕ್ಕೆ ಸೇರಿ ಒಂದು. ಒಂದು ದಿನ 2 ಮತ್ತು 3ನೇ ಸಿಲಿಂಡರುಗಳು ಒಟ್ಟಿಗೆ ಸೋಮಾರಿಗಳಾದವು ಎನ್ನಿ. ಅನುಮಾನ ಪಡಬೇಕಾದವು ಯಾವುವು, ಅವುಗಳಲ್ಲಿ ಒಂದನ್ನು ಬೇರೆ ಮಾಡಿ ತೋರಿಸಲು ಮೊದಲು ಯಾವ ಪರೀಕ್ಷೆ ಮಾಡುತ್ತೀರಿ? ಉತ್ತರವನ್ನು ನಿಮ್ಮ ಊರಿನ ಮೇಸ್ತ್ರಿಯೊಬ್ಬರ ಮುಂದಿಟ್ಟು ಚರ್ಚಿಸಿ.